ರೊಕ್ಕ ಕೊಟ್ಟು ಮಣ್ಣು ಹೊರುವುದು: ಹುಬ್ಬಳ್ಳಿಯಿಂದ ಮಾಯಾ ಉತ್ಖನನಕ್ಕೆ ಹೋಗುವವರಿಗೆ

"ರೊಕ್ಕಾ ಕೊಟ್ಟು ಮಣ್ಣ ಹೊರಾಕ ಅಷ್ಟ ದೂರ ಹೊಂಟೀಯೇನಪಾ? ನಮ್ಮ ಹೊಲದಾಗ ಕಸಾ ತಗಿ ಬಾ ಅಂದ್ರ ಸೊಂಟಾ ನೋಯ್ತೈತಿ ಅಂತಿ."

ಅವ್ವ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ನಿಜವೇ. ಮಾಯಾ ಅಂದರೆ ಮಧ್ಯ ಅಮೆರಿಕದ ಕಡೆ ಸಾವಿರ ವರ್ಷಕ್ಕೂ ಹಿಂದೆ ದೊಡ್ಡ ಊರುಗಳನ್ನು ಕಟ್ಟಿದ ಜನ. ಅವರ ಊರುಗಳ ಉತ್ಖನನದಲ್ಲಿ ಸ್ವಯಂಸೇವಕ ಅಂದರೆ ಕೂಲಿ ಸಿಗದ, ಮೇಲಾಗಿ ಶುಲ್ಕ ಕಟ್ಟುವ ಆಳು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ. ನಿಧಿ ಸಿಗುತ್ತದೆ, ಸಮಾಧಿಯ ಬಾಗಿಲು ನಾನೇ ತೆಗೆಯುತ್ತೇನೆ ಅಂತ ಹೊರಟವರು ನಾಲ್ಕನೇ ದಿನಕ್ಕೆ ಮುಖ ಸಣ್ಣ ಮಾಡಿಕೊಂಡು ಕೂತಿರುತ್ತಾರೆ. ನಾನು ನೋಡಿದ್ದೇನೆ.

ನಮ್ಮದು ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ನಾನು ಪುರಾತತ್ವ ಓದಿದವನಲ್ಲ. ಎರಡು ವಾರ ಬೆಲೀಜ್ ದೇಶದ ಕಾಡಿನಲ್ಲಿ ಮಣ್ಣು ಕೆರೆದು ಬಂದೆ, ಅಷ್ಟೇ. ಅಂಗಡಿಗೆ ಬಂದವರೆಲ್ಲ ಹೇಗೆ ಹೋದೆ, ಎಷ್ಟಾಯಿತು, ಬಂಗಾರ ಸಿಕ್ಕಿತಾ ಅಂತ ಕೇಳುತ್ತಿದ್ದಾರೆ, ಅದಕ್ಕೆ ಒಮ್ಮೆ ಬರೆದುಬಿಡುತ್ತೇನೆ. ಬಂಗಾರ ಸಿಗಲಿಲ್ಲ. ಆ ಕಾಲದ ಮಾಯಾ ಜನ ಬಂಗಾರವನ್ನು ಬಳಸಿದ್ದೇ ಕಡಿಮೆ. ಅವರಿಗೆ ಬೆಲೆಬಾಳುವ ವಸ್ತು ಅಂದರೆ ಹಸಿರು ಜೇಡ್ ಕಲ್ಲು.

ಎಲ್ಲಿಗೆ ಹೋಗಬೇಕು

ಮಾಯಾ ಊರುಗಳು ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್, ಎಲ್ ಸಾಲ್ವಡಾರ್ ತನಕ ಹರಡಿವೆ. ಮೊದಲ ಸಲ ಹೋಗುವ ನಮ್ಮಂಥವರಿಗೆ ಬೆಲೀಜ್ ಒಳ್ಳೆಯದು. ಕಾರಣ ಭಾಷೆ. 1981ರ ತನಕ ಬ್ರಿಟಿಷರ ಕೈಯಲ್ಲಿದ್ದ ದೇಶ, ಆಡಳಿತ ಭಾಷೆ ಇಂಗ್ಲಿಷ್. ಉಳಿದ ಕಡೆ ಸ್ಪ್ಯಾನಿಷ್ ಬೇಕೇಬೇಕು. ಅಲ್ಲಿನ ದುಡ್ಡಿನ ಲೆಕ್ಕವೂ ಸುಲಭ, ಎರಡು ಬೆಲೀಜ್ ಡಾಲರ್‌ಗೆ ಒಂದು ಅಮೆರಿಕ ಡಾಲರ್.

ಕಾಡಿಗೆ ಹೋಗಿ ನೀವೇ ಸಲಿಕೆ ಹಾಕುವಂತಿಲ್ಲ, ಗೊತ್ತಲ್ವಾ. ಅಲ್ಲಿನ ಸರ್ಕಾರದ ಪುರಾತತ್ವ ಸಂಸ್ಥೆ ಸಂಶೋಧಕರಿಗೆ ಪರವಾನಗಿ ಕೊಡುತ್ತದೆ, ಆ ಸಂಶೋಧಕರ ತಂಡದಲ್ಲಿ ನೀವು ಸೇರಬೇಕು. ಹೆಚ್ಚಿನವು ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ನಡೆಯುವ ತರಬೇತಿ ಶಿಬಿರಗಳು. ವಿದ್ಯಾರ್ಥಿಗಳಿಗೆ ಅಂತಲೇ ಇದ್ದರೂ ನಮ್ಮಂಥ ಹೊರಗಿನವರನ್ನೂ ಸೇರಿಸಿಕೊಳ್ಳುವುದುಂಟು. ಸ್ಯಾನ್ ಇಗ್ನಾಸಿಯೋ ಪಟ್ಟಣದ ಸುತ್ತ 1988ರಿಂದ ಕೆಲಸ ಮಾಡುತ್ತಿರುವ ಬೆಲೀಜ್ ಕಣಿವೆ ಯೋಜನೆ ಇದೆ, ಅದನ್ನು ಬಿವಿಎಆರ್ ಅಂತ ಕರೆಯುತ್ತಾರೆ. ಉತ್ತರಕ್ಕೆ ಬ್ಲೂ ಕ್ರೀಕ್ ಹತ್ತಿರ ಮಾಯಾ ರಿಸರ್ಚ್ ಪ್ರೋಗ್ರಾಮ್ ಇದೆ. ಈ ಎರಡರಿಂದ ಹುಡುಕಲು ಶುರು ಮಾಡಿ. ಶಿಬಿರಗಳು ಹೆಚ್ಚಾಗಿ ಮೇ ಕೊನೆಯಿಂದ ಜುಲೈ ತನಕ. ಅಮೆರಿಕದ ಕಾಲೇಜುಗಳಿಗೆ ಆಗ ರಜೆ. ಮಳೆಗಾಲವೂ ಆಗಲೇ ಶುರುವಾಗುತ್ತದೆ ಎನ್ನುವುದು ಬೇರೆ ಮಾತು.

ದುಡ್ಡು ಕಟ್ಟುವ ಮೊದಲು ಮೇಲ್ ಹಾಕಿ ಕೇಳಿ. ಪರವಾನಗಿ ಯಾರ ಹೆಸರಿನಲ್ಲಿದೆ? ಕಳೆದ ವರ್ಷದ ವರದಿ ಎಲ್ಲಿ ಸಿಗುತ್ತದೆ? ಸಿಕ್ಕ ವಸ್ತುಗಳು ಎಲ್ಲಿ ಹೋಗುತ್ತವೆ? ಹಾವು ಕಚ್ಚಿದರೆ ಯಾವ ಆಸ್ಪತ್ರೆ, ಎಷ್ಟು ಹೊತ್ತಿನ ದಾರಿ? ನಿಜವಾದ ತಂಡ ಈ ಪ್ರಶ್ನೆಗಳಿಗೆ ಖುಷಿಯಿಂದ ಉತ್ತರ ಕೊಡುತ್ತದೆ. ನನಗೆ ಒಬ್ಬರು ವರದಿಯ ವಿಷಯ ಬಿಟ್ಟು ಬರೀ ಈಜುಕೊಳದ ಫೋಟೋ ಕಳಿಸಿದ್ದರು. ಅಲ್ಲಿಗೆ ಕೈಬಿಟ್ಟೆ.

ಖರ್ಚು, ವೀಸಾ

ಎರಡು ವಾರಕ್ಕೆ ಶಿಬಿರದ ಶುಲ್ಕವೇ ಸಾವಿರ ಡಾಲರ್ ದಾಟುತ್ತದೆ. ಊಟ, ವಸತಿ ಅದರಲ್ಲೇ ಇರುತ್ತದೋ ಇಲ್ಲವೋ ಕೇಳಿಕೊಳ್ಳಿ. ನನಗೆ ವಿಮಾನ, ವೀಸಾ, ವಿಮೆ, ಬೂಟು ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ಹೋಯಿತು. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.

ಭಾರತದಿಂದ ಬೆಲೀಜ್‌ಗೆ ನೇರ ವಿಮಾನ ಇಲ್ಲ. ಅಮೆರಿಕದಲ್ಲಿ ವಿಮಾನ ಬದಲಿಸಬೇಕಾದರೆ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ನಮಗೆ ಅಮೆರಿಕದ ವೀಸಾ ಬೇಕು. ಇದೊಂದೇ ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವ ಕೆಲಸ, ಸಂದರ್ಶನದ ದಿನಾಂಕ ಸಿಗಲಿಕ್ಕೇ ತಿಂಗಳುಗಟ್ಟಲೆ ಹಿಡಿಯಬಹುದು. ಬೆಲೀಜ್ ವೀಸಾ ನಿಯಮವನ್ನು ಅವರ ವಲಸೆ ಇಲಾಖೆಯಲ್ಲೇ ನೋಡಿ, ಏಜೆಂಟರ ಮಾತು ನಂಬಬೇಡಿ. ಜೂನ್‌ಗೆ ಹೋಗುವುದಾದರೆ ಹಿಂದಿನ ದೀಪಾವಳಿಗೇ ಓಡಾಟ ಶುರುವಾಗಬೇಕು.

ಲಸಿಕೆಗೆ ಡಾಕ್ಟರ ಹತ್ತಿರ ಎರಡು ತಿಂಗಳು ಮೊದಲೇ ಹೋಗಿ. ಧನುರ್ವಾಯು, ಟೈಫಾಯ್ಡ್, ಹೆಪಟೈಟಿಸ್ ಎ ಬಗ್ಗೆ ಕೇಳಿ. ಬೆಲೀಜ್ ಮಲೇರಿಯಾ ಮುಕ್ತ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ. ಆದರೆ ಡೆಂಗ್ಯೂ ಇದೆ.

ಮನೆಯಲ್ಲೇ ಮಾಡಿಕೊಳ್ಳುವ ತಯಾರಿ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ.

ಮೊದಲು ಕರಣೆ. ಗೌಂಡಿಗಳು ಗಿಲಾವು ಮಾಡುವ ದೊಡ್ಡ ಕರಣೆ ಅಲ್ಲ, ನಾಲ್ಕೂವರೆ ಐದು ಇಂಚಿನ ಚೂಪು ಮೂತಿಯದ್ದು. ಇದು ಪುರಾತತ್ವದವರ ಪೆನ್ನು ಇದ್ದ ಹಾಗೆ. ನಾನು ನಮ್ಮ ಅಂಗಡಿಯಿಂದಲೇ ಒಂದು ಎತ್ತಿಕೊಂಡು ಹೋದೆ, ಹಾರ್ಡ್‌ವೇರಿನವನಿಗೆ ಕರಣೆ ಕಲಿಸುತ್ತೀರಾ ಅನ್ನುವ ಗತ್ತಿನಲ್ಲಿ. ಅದು ಹಲಗೆಗೂ ಹಿಡಿಗೂ ನಡುವೆ ಬೆಸುಗೆ ಹಾಕಿದ್ದು. ಮೂರನೇ ದಿನ ಸುಣ್ಣದ ನೆಲಗಟ್ಟಿನ ಅಂಚಿಗೆ ತಾಗಿ ಟಕ್ ಅಂತ ಬೆಸುಗೆಯಲ್ಲೇ ಕಿತ್ತುಬಂತು. ಹಿಡಿ ನನ್ನ ಕೈಯಲ್ಲಿ, ಹಲಗೆ ಗುಂಡಿಯಲ್ಲಿ. ಪಕ್ಕದ ಹುಡುಗಿ ಏನೂ ಅನ್ನಲಿಲ್ಲ, ತನ್ನ ಇನ್ನೊಂದು ಕರಣೆ ಕೊಟ್ಟಳು. ಒಂದೇ ಉಕ್ಕಿನ ತುಂಡನ್ನು ಬಡಿದು ಮಾಡಿದ್ದು ಬೇಕು. ಅಮೆರಿಕದ ತಂಡಗಳಲ್ಲಿ ಎಲ್ಲರ ಕೈಯಲ್ಲೂ ಮಾರ್ಷಲ್‌ಟೌನ್ ಕಂಪನಿಯದೇ ಇರುತ್ತದೆ. ಕೊಂಡ ಮೇಲೆ ಅಂಚನ್ನು ಅರದಿಂದ ತಿಕ್ಕಿ ಹರಿತ ಮಾಡಿ. ವಿಮಾನದಲ್ಲಿ ಕೈಚೀಲದಲ್ಲಿ ಇಡಬೇಡಿ, ಕಸಿದುಕೊಳ್ಳುತ್ತಾರೆ.

ಆಮೇಲೆ ಹಿತ್ತಲಲ್ಲಿ ಒಂದು ಮೀಟರ್ ಚೌಕ ಹಾಕಿ ನೋಡಿ. ನಾಲ್ಕು ಮೊಳೆ, ದಾರ, ಟೇಪು ಸಾಕು. ಚೌಕ ಸರಿಯಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಕರ್ಣ ಅಳೆಯಿರಿ. ಒಂದು ಮೀಟರ್ ಚೌಕಕ್ಕೆ ಎರಡೂ ಕರ್ಣ 1.41 ಮೀಟರ್ ಬರಬೇಕು, ಎರಡು ಮೀಟರ್ ಚೌಕಕ್ಕೆ 2.83. ನಮ್ಮ ಗೌಂಡಿಗಳು ಮೂರು-ನಾಲ್ಕು-ಐದು ಅಂತ ದಾರ ಹಿಡಿದು ಮೂಲೆ ತೆಗೆಯುತ್ತಾರಲ್ಲ, ಅದೇ ಲೆಕ್ಕ. ದಾರಕ್ಕೆ ಸಣ್ಣ ರಸಮಟ್ಟ ತೂಗುಹಾಕಿ ಹತ್ತು ಸೆಂಟಿಮೀಟರ್ ಆಳಕ್ಕೆ ಕೆರೆಯಿರಿ. ಅಗೆಯಬೇಡಿ, ಕೆರೆಯಿರಿ. ಕರಣೆಯ ಮೂತಿಯಿಂದ ಚುಚ್ಚುವುದಲ್ಲ, ಅಂಚನ್ನು ಮಲಗಿಸಿ ನಿಮ್ಮ ಕಡೆಗೆ ಎಳೆಯಬೇಕು. ಹಿಂದೆ ಹಿಂದೆ ಸರಿಯಬೇಕು, ಕೆರೆದ ಜಾಗದ ಮೇಲೆ ಮೊಣಕಾಲು ಊರಬಾರದು. ಗೋಡೆ ನೆಟ್ಟಗೆ ನಿಲ್ಲಬೇಕು, ತಳ ತಟ್ಟೆಯಂತಿರಬೇಕು. ಅರ್ಧ ಗಂಟೆಯಲ್ಲಿ ಸೊಂಟ ಮಾತಾಡಲು ಶುರು ಮಾಡುತ್ತದೆ. ಅಲ್ಲಿ ಇದನ್ನು ದಿನಕ್ಕೆ ಏಳು ತಾಸು ಮಾಡಬೇಕು.

ನಿಮ್ಮ ಹೊಲ ಎರೆಭೂಮಿಯಾದರೆ ಅಲ್ಲೇ ಅಭ್ಯಾಸ ಮಾಡಿ, ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬೆಲೀಜ್‌ನ ತಗ್ಗು ಪ್ರದೇಶಗಳಲ್ಲೂ ನಮ್ಮ ನವಲಗುಂದ, ನರಗುಂದದ ಕಡೆಯ ಎರೆಯಂಥದೇ ಕಪ್ಪು ಜೇಡಿ ಇದೆ, ಒಣಗಿದರೆ ಬಾಯಿ ಬಿಡುತ್ತದೆ, ನೆನೆದರೆ ಕರಣೆಗೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ತಂಡದ ಅಮೆರಿಕದ ಹುಡುಗರು ಬೂಟಿಗೆ ಮೆತ್ತಿದ ಮಣ್ಣು ನೋಡಿ ಬೈದುಕೊಳ್ಳುತ್ತಿದ್ದರು. ನನಗೆ ಊರಿಗೆ ಬಂದ ಹಾಗಾಯಿತು.

ಒಂದು ಎಚ್ಚರಿಕೆ. ಅಭ್ಯಾಸ ಅಂತ ಹಾಳುಬಿದ್ದ ಗುಡಿ, ಹಳೆಯ ದಿಬ್ಬ, ಕೋಟೆಯ ಹತ್ತಿರ ಕರಣೆ ಹಾಕಬೇಡಿ. ಅದು ಅಪರಾಧ. ಹಾವೇರಿ, ಗದಗ ಕಡೆ ನಿಧಿಗಳ್ಳರು ಲಿಂಗ ಕಿತ್ತು, ನಂದಿ ಉರುಳಿಸಿ ಮಾಡಿರುವ ಹಾಳು ನಾವೇ ನೋಡಿದ್ದೇವೆ. ಬೆಲೀಜ್‌ನಲ್ಲೂ ಇದೇ ಕಥೆ. ಕಾಡಿನಲ್ಲಿ ಯಾವ ದಿಬ್ಬ ಹತ್ತಿದರೂ ನಡುವೆ ಕಳ್ಳರು ಕೊರೆದ ಕಂದಕ ಇರುತ್ತದೆ. ನಾನು ಕೆಲಸ ಮಾಡಿದ ಕಟ್ಟಡದ ಅರ್ಧ ಹೊಟ್ಟೆ ಹಾಗೇ ಹೋಗಿತ್ತು.

ಇನ್ನೊಂದು ಕೆಲಸ, ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯ ನೋಡಿ ಬನ್ನಿ. ಮೂರ್ತಿಗಳ ಮುಂದೆಯೇ ನಿಂತುಬಿಡಬೇಡಿ, ಗಡಿಗೆ, ಬೋಕಿ (ಒಡೆದ ಗಡಿಗೆಯ ಚೂರು), ಕಲ್ಲಿನ ಹತ್ಯಾರ ಕಂಡಲ್ಲಿ ನಿಲ್ಲಿ. ಹಾವೇರಿ ಜಿಲ್ಲೆಯ ಹಳ್ಳೂರನ್ನು 1965ರ ಹೊತ್ತಿಗೆ ಎಂ. ಎಸ್. ನಾಗರಾಜರಾವ್ ಅಗೆಸಿದ್ದರು. ದಕ್ಷಿಣ ಭಾರತದಲ್ಲಿ ಕಬ್ಬಿಣ ಯಾವಾಗ ಬಂತು ಅನ್ನುವ ಚರ್ಚೆಗೆ ತುಂಗಭದ್ರೆಯ ದಡದ ಆ ದಿಬ್ಬ ಇವತ್ತಿಗೂ ಬೇಕು. ಅಂಥ ಚರ್ಚೆ ನಡೆಯುವುದು ಇಂಥ ಸಣ್ಣ ಚೂರುಗಳ ಮೇಲೆ, ಮೂರ್ತಿಗಳ ಮೇಲಲ್ಲ.

ಅಲ್ಲಿಯ ಒಂದು ದಿನ

ಬೆಳಗಿನ ಜಾವ ಐದಕ್ಕೆ ಎದ್ದೇಳಬೇಕು. ಅಲಾರಂ ಬೇಡ, ಹೌಲರ್ ಕೋತಿಗಳು ಎಬ್ಬಿಸುತ್ತವೆ. ಅವುಗಳ ಕೂಗು ಕೋತಿಯದು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಮೊದಲ ರಾತ್ರಿ ನಾನು ಬಾಗಿಲಿಗೆ ಕುರ್ಚಿ ಅಡ್ಡ ಇಡುತ್ತಿರಲಿಲ್ಲ. ಏಳಕ್ಕೆ ಸ್ಥಳದಲ್ಲಿ ಇರಬೇಕು, ಮಧ್ಯಾಹ್ನ ಮೂರರ ತನಕ ಕೆಲಸ, ಆಮೇಲೆ ಶಿಬಿರದಲ್ಲಿ ಬೋಕಿ ತೊಳೆಯುವುದು.

ಅಗೆಯುವವರು ಇಬ್ಬರಾದರೆ ಜರಡಿ ಹಿಡಿಯುವವರು ಒಬ್ಬರು. ಜರಡಿಯ ಕಣ್ಣು ಕಾಲಿಂಚು, ನಮ್ಮಲ್ಲಿ ಉಸುಕು ಸಾಣಿಸುವ ಜಾಳಿಗೆಯ ಹಾಗೇ. ಪ್ರತಿ ಬಕೆಟ್ ಮಣ್ಣನ್ನೂ ಸಾಣಿಸಬೇಕು. ಬೋಕಿ, ಚಕಮಕಿ ಕಲ್ಲಿನ ಚಕ್ಕೆ, ಬಸವನಹುಳುವಿನ ಚಿಪ್ಪು, ಎಲುಬು, ಒಮ್ಮೊಮ್ಮೆ ಅಬ್ಸಿಡಿಯನ್ ಅನ್ನುವ ಕಪ್ಪು ಗಾಜಿನಂಥ ಕಲ್ಲಿನ ಅಲಗು. ಬೆಲೀಜ್‌ನಲ್ಲಿ ಜ್ವಾಲಾಮುಖಿ ಇಲ್ಲ, ಆ ಕಲ್ಲು ಗ್ವಾಟೆಮಾಲಾದ ಬೆಟ್ಟಗಳಿಂದ ಹೊತ್ತು ತಂದದ್ದು. ಎತ್ತು, ಕುದುರೆ, ಚಕ್ಕಡಿ ಏನೂ ಇಲ್ಲದ ಜನ, ನದಿಯಲ್ಲಿ ದೋಣಿ ಬಿಟ್ಟರೆ ಉಳಿದದ್ದೆಲ್ಲ ಮನುಷ್ಯರ ಬೆನ್ನ ಮೇಲೆಯೇ ಬರಬೇಕು. ಬೆರಳುದ್ದದ ಆ ಅಲಗು ಕೈಗೆ ಸಿಕ್ಕಾಗ, ಬಂಗಾರದ ಮಾತು ತಾನಾಗಿಯೇ ಮರೆತುಹೋಯಿತು.

ಮಾಯಾ ಕಟ್ಟಡ ಅಗೆಯುವುದು ಈರುಳ್ಳಿ ಬಿಡಿಸಿದ ಹಾಗೆ. ಅವರು ಹಳೆಯದನ್ನು ಕೆಡವುತ್ತಿದ್ದುದು ಕಡಿಮೆ, ಅದರ ಮೇಲೆಯೇ ಕಲ್ಲುಮಣ್ಣು ತುಂಬಿ ಹೊಸದು ಕಟ್ಟುತ್ತಿದ್ದರು. ಹೊಂಡುರಾಸ್‌ನ ಕೋಪಾನ್‌ನಲ್ಲಿ 1989ರಲ್ಲಿ ಒಂದು ಪಿರಮಿಡ್ಡಿನ ಒಳಗೆ ಇಡೀ ಗುಡಿಯೇ ಬಣ್ಣದ ಸಮೇತ ಸಿಕ್ಕಿತು, ಅದಕ್ಕೆ ರೋಸಲಿಲಾ ಅಂತ ಹೆಸರಿಟ್ಟರು. ನಿಮಗೆ ಅಂಥದ್ದು ಸಿಗುವುದಿಲ್ಲ. ನಿಮಗೆ ಸಿಗುವುದು ಒಂದರ ಕೆಳಗೊಂದು ಸುಣ್ಣದ ನೆಲ. ಬಿಳಿ ಗೆರೆ, ಕಂದು ಮಣ್ಣು, ಮತ್ತೆ ಬಿಳಿ ಗೆರೆ. ನೆಲದ ಕೆಳಗೆ ಒಮ್ಮೊಮ್ಮೆ ಎರಡು ಬಟ್ಟಲು ಬಾಯಿಗೆ ಬಾಯಿ ಮುಚ್ಚಿ ಇಟ್ಟಿರುತ್ತಾರೆ, ನಾವು ಮನೆಯ ಬುನಾದಿಗೆ ಪೂಜೆ ಮಾಡಿ ನವಧಾನ್ಯ ಹಾಕುತ್ತೇವಲ್ಲ, ಅಂಥದ್ದೇನೋ. ಮಣ್ಣಿನ ಬಣ್ಣ ಬದಲಾಯಿತು ಅನ್ನಿಸಿದ ಕ್ಷಣ ಕೈ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಯಿರಿ. ಹತ್ತು ಸಲ ಸುಮ್ನೆ ಕರೆದರೂ ಯಾರೂ ಬೈಯುವುದಿಲ್ಲ. ಒಂದು ಸಲ ಕರೆಯದೇ ಮುಂದೆ ಹೋದರೆ ಬೈಗುಳ ಗ್ಯಾರಂಟಿ. ಮಣ್ಣಿನ ಬಣ್ಣಕ್ಕೂ ಪುಸ್ತಕ ಇದೆ, ಮನ್ಸೆಲ್ ಪಟ್ಟಿ ಅಂತ. ಬಣ್ಣದ ಚೌಕಗಳ ಪಕ್ಕ ಒದ್ದೆ ಮಣ್ಣು ಹಿಡಿದು ಹೋಲಿಸಿ ನಂಬರ್ ಬರೆಯಬೇಕು, ಪೇಂಟ್ ಅಂಗಡಿಯ ಶೇಡ್ ಕಾರ್ಡ್ ನೋಡಿದವರಿಗೆ ಐದು ನಿಮಿಷದ ಕಲಿಕೆ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಅಲ್ಲಿ ಪ್ರತಿ ಪದರಕ್ಕೆ ಒಂದು ಲಾಟ್ ನಂಬರ್. ಆ ಪದರದ ಚೂರೆಲ್ಲ ಅದೇ ನಂಬರಿನ ಚೀಲಕ್ಕೆ. ಆರನೇ ದಿನ ಊಟಕ್ಕೆ ಮೊದಲು ನಾವು ಹೊಸ ಪದರಕ್ಕೆ ಇಳಿದಿದ್ದೆವು. ಊಟ ಮುಗಿಸಿ ಬಂದು ನಾನು ಜರಡಿಗೆ ನಿಂತೆ, ಹಳೆಯ ಚೀಲವೇ ಗೂಟಕ್ಕೆ ನೇತಾಡುತ್ತಿತ್ತು, ಅದರಲ್ಲೇ ಹಾಕುತ್ತಾ ಹೋದೆ. ಮೂರು ತಾಸು. ಸಂಜೆ ತೊಳೆಯುವಾಗ ಮೇಲ್ವಿಚಾರಕಿ ಚೀಲ ನೋಡಿ, ನನ್ನ ಮುಖ ನೋಡಿ, ಪೆನ್ಸಿಲ್ ತೆಗೆದು ಚೀಟಿಯ ಮೇಲೆ "ಕಲಬೆರಕೆ" ಅನ್ನುವ ಅರ್ಥದ ಒಂದು ಪದ ಬರೆದರು. ಅಷ್ಟೇ. ಆ ನೂರಾರು ಬೋಕಿಗಳಿಂದ ಕಾಲ ಹೇಳುವ ಕೆಲಸ ಇನ್ನು ಆಗುವುದಿಲ್ಲ. ನಿಧಿಗಳ್ಳ ಕಂದಕ ತೋಡಿ ಮಾಡಿದ್ದನ್ನೇ ನಾನು ಚೀಲ ಹಿಡಿದು ಮಾಡಿದ್ದೆ, ವಸ್ತು ಉಳಿಯಿತು, ಅದು ಎಲ್ಲಿಯದು ಅನ್ನುವುದು ಹೋಯಿತು. ಆದ್ದರಿಂದ ಚೀಲ ಕೈಗೆತ್ತಿಕೊಂಡಾಗಲೆಲ್ಲ ನಂಬರನ್ನು ಬಾಯಿಬಿಟ್ಟು ಓದಿ. ಚೀಟಿ ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆ ತೇವಕ್ಕೆ ಹರಡಿಹೋಗುತ್ತದೆ. ದಿನಚರಿ ಅವತ್ತಿನದು ಅವತ್ತೇ ಬರೆಯಿರಿ. ನಾಳೆ ಬರೆದರಾಯಿತು ಅಂದರೆ ನಾಳೆಗೆ ನೆನಪಿರುವುದು ಕೋತಿಗಳ ಕೂಗು ಮಾತ್ರ.

ಕಾಡು, ಹಾವು, ಊಟ

ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ಚೆಂದ ಕಾಣುವುದಿಲ್ಲ, ಉಣ್ಣಿ ಹತ್ತುವುದಿಲ್ಲ. ಫೆರ್-ಡಿ-ಲ್ಯಾನ್ಸ್ ಅನ್ನುವ ವಿಷದ ಹಾವನ್ನು ಬೆಲೀಜ್‌ನವರು ಟಾಮಿಗಾಫ್ ಅನ್ನುತ್ತಾರೆ. ಎಲೆಯ ರಾಶಿಯಲ್ಲಿ ಎಲೆಯ ಹಾಗೇ ಬಿದ್ದಿರುತ್ತದೆ. ಬೆಳಿಗ್ಗೆ ಗುಂಡಿಗೆ ಇಳಿಯುವ ಮೊದಲು ಟಾರ್ಪಾಲು ಕೋಲಿನಿಂದ ಎತ್ತಿ, ಕೈಯಿಂದ ಅಲ್ಲ.

ಪಾಯ್ಸನ್‌ವುಡ್ ಅನ್ನುವ ಮರವನ್ನು ಮೊದಲ ದಿನವೇ ಗುರುತು ಮಾಡಿಸಿಕೊಳ್ಳಿ. ತೊಗಟೆಯ ಮೇಲೆ ಟಾರು ಸೋರಿದಂಥ ಕಪ್ಪು ಕಲೆ. ನಮ್ಮ ಕೇರುಕಾಯಿಯ ಕುಲದ್ದೇ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರಿನ ರಸ ಮೈಗೆ ತಾಗಿದರೆ ಹೇಗೆ ಬೊಬ್ಬೆ ಏಳುತ್ತದೋ ಇದೂ ಹಾಗೇ. ಮಚ್ಚು ಹಿಡಿದು ದಾರಿ ಬಿಡಿಸುವ ಕೆಲಸ ಸ್ಥಳೀಯರಿಗೇ ಬಿಡಿ.

ಆ ಸ್ಥಳೀಯರ ಬಗ್ಗೆ ಒಂದು ಮಾತು. ಹಲವರು ಮಾಯಾ ಮನೆತನದವರೇ. ಮಾಯಾ ಜನ ಮಾಯವಾದರು ಅನ್ನುವುದು ಸುಳ್ಳು, ಲಕ್ಷಗಟ್ಟಲೆ ಜನ ಇವತ್ತಿಗೂ ಆ ಭಾಷೆಗಳನ್ನು ಆಡುತ್ತಾರೆ. ಖಾಲಿಯಾದದ್ದು ದೊಡ್ಡ ಊರುಗಳು, ಅದೂ ಕ್ರಿ.ಶ. 800-900ರ ಹೊತ್ತಿಗೆ. ಅದಕ್ಕೂ ನೂರು ವರ್ಷದ ಹಿಂದೆ, ನಮ್ಮ ಬಾದಾಮಿಯಲ್ಲಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದಾಗ, ಗ್ವಾಟೆಮಾಲಾದ ಟಿಕಾಲ್ ಅನ್ನುವ ದೊಡ್ಡ ಮಾಯಾ ಊರಿನಲ್ಲಿ ಜಸಾವ್ ಚಾನ್ ಕವೀಲ್ ಅನ್ನುವ ದೊರೆ ಇದ್ದ. ನಮ್ಮ ಗುಂಡಿಯಲ್ಲಿದ್ದ ಹಿರಿಯರನ್ನು ಎಲ್ಲರೂ ಹೆಸರಿಗೆ ಡಾನ್ ಸೇರಿಸಿ ಕರೆಯುತ್ತಿದ್ದರು, ನಾವು ಕಾಕಾ ಅಂದ ಹಾಗೆ. ಮುಂಬೈ ಡಾನ್ ಅಲ್ಲ! ಅವರು ಕರಣೆಯ ಸದ್ದು ಕೇಳಿಯೇ ಕೆಳಗೆ ನೆಲಗಟ್ಟು ಇದೆ ಅಂತ ಹೇಳುತ್ತಿದ್ದರು. ಪದವಿ ಇಲ್ಲದ ಪ್ರೊಫೆಸರ್. ಅವರ ಪಕ್ಕದಲ್ಲಿ ಕೆಲಸ ಕೇಳಿ ಪಡೆಯಿರಿ.

ಊಟ ಅನ್ನ, ಬೀನ್ಸ್ ಕಾಳು, ಕೋಳಿ, ಜೋಳದ ಟೋರ್ಟಿಯಾ. ಅಡುಗೆಯ ಅಕ್ಕ ಟೋರ್ಟಿಯಾ ಬಡಿಯುವ ಸದ್ದಿಗೆ ನನಗೆ ಮನೆ ನೆನಪಾಗಿ, ಒಂದು ದಿನ ನಾನೂ ಬಡಿದೆ. ಎರಡು ಹರಿದವು, ಮೂರನೆಯದು ನಿಂತಿತು. ಹಿಟ್ಟು ಮಾತ್ರ ಬಿಳಿಜೋಳದ್ದಲ್ಲ, ಗೋವಿನಜೋಳದ್ದು. ಹಾವೇರಿಯ ಗೋವಿನಜೋಳ, ಬ್ಯಾಡಗಿ ಮೆಣಸಿನಕಾಯಿ ಎರಡರ ಮೂಲವೂ ಮೆಕ್ಸಿಕೋ ಕಡೆಯದೇ, ಹಾಗಾಗಿ ರುಚಿಗೆ ಅಷ್ಟೇನೂ ಪರದೇಶ ಅನ್ನಿಸುವುದಿಲ್ಲ. ಸಸ್ಯಾಹಾರಿಗಳು ಅರ್ಜಿಯಲ್ಲೇ ಬರೆಯಿರಿ, ಹೋದ ದಿನ ಅಡುಗೆಯವರಿಗೂ ಹೇಳಿ. ಬೀನ್ಸಿಗೆ ಹಂದಿಯ ಕೊಬ್ಬು ಹಾಕುವುದು ಅಲ್ಲಿ ಸಾಮಾನ್ಯ. ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಒಯ್ಯಿರಿ. ನನ್ನದು ನಾಲ್ಕೇ ದಿನಕ್ಕೆ ತಂಡದವರೇ ಖಾಲಿ ಮಾಡಿದರು.

ಬಿಸಿಲಿಗಿಂತ ಸೆಕೆ ಕೊಲ್ಲುತ್ತದೆ. ನಮ್ಮಲ್ಲಿ ಬೆವರು ಆರುತ್ತದೆ, ಅಲ್ಲಿ ಆರುವುದಿಲ್ಲ. ಮೂರು ನಾಲ್ಕು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. ಎರಡು ತಿಂಗಳು ಮೊದಲಿಂದ ಹತ್ತು ಕೆಜಿ ಚೀಲ ಹೊತ್ತು ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ಜನ ನೋಡಿ ನಗುತ್ತಾರೆ, ನಗಲಿ.

ಬರುವಾಗ

ಒಂದು ಚೂರನ್ನೂ ತರಬೇಡಿ. ಅಲ್ಲಿ ಸಿಕ್ಕ ಪ್ರತಿ ಬೋಕಿಯೂ ಆ ದೇಶದ್ದು. ಸಮಾಧಿ, ಎಲುಬಿನ ಫೋಟೋ ಕೇಳದೆ ಎಲ್ಲೂ ಹಾಕಬೇಡಿ. ಜಾಗ ಗೊತ್ತಾದರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ.

ಕೊನೆಯ ಎರಡು ದಿನ ಅಗೆದದ್ದನ್ನೆಲ್ಲ ಮತ್ತೆ ಮುಚ್ಚಬೇಕು. ಇದನ್ನು ಕೇಳಿ ಅಂಗಡಿಯಲ್ಲಿ ಎಲ್ಲರೂ ನಕ್ಕರು. ಮಳೆಗೆ ಬಿಟ್ಟರೆ ಸುಣ್ಣದ ನೆಲ ಬೇಗ ಹಾಳಾಗುತ್ತದೆ, ಅದಕ್ಕೆ. ನಮ್ಮ ಗುಂಡಿಯ ತಳಕ್ಕೆ ಮೇಲ್ವಿಚಾರಕಿ ಆ ವರ್ಷದ ಒಂದು ನಾಣ್ಯ ಹಾಕಿದರು. ಮುಂದೆ ಯಾರಾದರೂ ಅಗೆದರೆ ಇಲ್ಲಿ ಆಗಲೇ ಅಗೆದಾಗಿದೆ, ಈ ವರ್ಷ ಅಂತ ಗೊತ್ತಾಗಲಿ ಎಂದು. ನಾನು ಅದರ ಪಕ್ಕ ಎರಡು ರೂಪಾಯಿ ಇಡಲಾ ಅಂತ ಕೇಳಿದೆ. ಬೇಡ, ಮುಂದಿನವರ ತಲೆ ಕೆಡುತ್ತದೆ ಅಂದರು.

ಊರಿಗೆ ಬಂದ ಮೇಲೆ ಒಂದು ತಿಂಗಳು ಮೈ ಮೇಲೆ ಕಣ್ಣಿರಲಿ. ಬಾಟ್‌ಫ್ಲೈ ಅನ್ನುವ ನೊಣ ಸೊಳ್ಳೆಯ ಮೈಗೆ ಮೊಟ್ಟೆ ಅಂಟಿಸುತ್ತದೆ, ಸೊಳ್ಳೆ ಕಚ್ಚಿದಾಗ ಮರಿ ನಮ್ಮ ಚರ್ಮದೊಳಗೆ ಸೇರಿಕೊಳ್ಳುತ್ತದೆ. ನೋಡಲು ಕುರುವಿನ ಹಾಗೆ, ನಡುವೆ ಸೂಜಿ ಮೊನೆಯಷ್ಟು ತೂತು, ಒಳಗೆ ಏನೋ ಮಿಸುಕಿದ ಹಾಗೆ ಅನ್ನಿಸುತ್ತದೆ. ಹಿಚುಕಬೇಡಿ. ನನ್ನ ಭುಜದ ಮೇಲೆ ಒಂದು ಎದ್ದಿತ್ತು. ತೋರಿಸಿದ ಡಾಕ್ಟರು ಕುರು ಅಂದುಕೊಂಡು ಮಾತ್ರೆ ಬರೆದರು. ಅವರ ತಪ್ಪಲ್ಲ, ಹುಬ್ಬಳ್ಳಿಯಲ್ಲಿ ಅದನ್ನು ಯಾರು ಕಂಡಿರುತ್ತಾರೆ? ನಾನು ಎಲ್ಲಿಗೆ ಹೋಗಿದ್ದೆ ಅಂತ ಬಾಯಿಬಿಟ್ಟಿರಲಿಲ್ಲ, ನಾಲ್ಕು ಲಕ್ಷದ ಮಾತು ಪಕ್ಕದಲ್ಲಿದ್ದ ಅವ್ವನ ಕಿವಿಗೆ ಬಿದ್ದೀತು ಅಂತ. ನೀವು ಹಾಗೆ ಮಾಡಬೇಡಿ. ಒಳಗೆ ಕಾಲಿಡುತ್ತಲೇ ಬೆಲೀಜ್ ಕಾಡಿನಿಂದ ಬಂದಿದ್ದೇನೆ ಅಂತ ಹೇಳಿ.